ಗೊರಗೊರ ಸದ್ದಿನ ಸುಖ

ರೇಡಿಯೊ ಇದ್ದ ಮನೆಗಳಲ್ಲಿ ಬೆಳೆದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಅದರ ತಿರುಪು ತಿರುಗಿಸುವ ಅಧಿಕಾರ ಮನೆಯಲ್ಲಿ ಒಬ್ಬರಿಗೆ ಮಾತ್ರ. ಬೇರೆ ಯಾರಾದರೂ ಮುಟ್ಟಿದರೆ ಮುಳ್ಳು ಸರಿದು ಸ್ಟೇಷನ್ ತಪ್ಪಿಹೋಗುತ್ತಿತ್ತು. ತಪ್ಪಿದ್ದನ್ನು ಮತ್ತೆ ಹಿಡಿಯುವಷ್ಟರಲ್ಲಿ ವಾರ್ತೆ ಮುಗಿದು ಕೃಷಿರಂಗ ಶುರುವಾಗಿರುತ್ತಿತ್ತು. ಒಂದು ಸ್ಟೇಷನ್ನಿಗೂ ಇನ್ನೊಂದಕ್ಕೂ ನಡುವೆ ಇರುತ್ತಿದ್ದದ್ದು ಬರೀ ಗೊರಗೊರ. ಅದನ್ನು ಯಾರೂ ಕೇಳುತ್ತಿರಲಿಲ್ಲ, ಅವಸರವಸರವಾಗಿ ದಾಟುತ್ತಿದ್ದರು. ನನಗೆ ಈಚೆಗೆ ಹತ್ತಿರುವ ಹುಚ್ಚು ಆ ಗೊರಗೊರದ್ದೇ. ಯಾವ ಕಾರ್ಯಕ್ರಮವನ್ನೂ ಕೇಳದೆ ಸಂಜೆಯಿಡೀ ರೇಡಿಯೊ ಮುಂದೆ ಕೂರುವ ಮನುಷ್ಯನನ್ನು ಮನೆಯವರು ಹೇಗೆ ನೋಡುತ್ತಾರೆಂದು ನೀವೇ ಊಹಿಸಿಕೊಳ್ಳಿ.

ರೇಡಿಯೊ ಎಂದೆ. ಮೇಜಿನ ಮೇಲೆ ರೇಡಿಯೊ ಅನ್ನಿಸಿಕೊಳ್ಳುವಂಥದ್ದು ಏನೂ ಇಲ್ಲ. ಹಳೆಯ ಲ್ಯಾಪ್‌ಟಾಪು, ಅದರ ಪಕ್ಕೆಗೆ ಚುಚ್ಚಿದ ಹೆಬ್ಬೆರಳುದ್ದದ ಡಾಂಗಲ್ಲು, ಡಾಂಗಲ್ಲಿನಿಂದ ಕಿಟಕಿಯ ಸಂದಿಯಲ್ಲಿ ಮಹಡಿಗೆ ಹತ್ತಿಹೋದ ಕೇಬಲ್ಲು. ಮಿಕ್ಕದ್ದೆಲ್ಲ ಪ್ರೋಗ್ರಾಮು. ಸುರುಳಿ, ಕಂಡೆನ್ಸರ್, ವಾಲ್ವ್ ಮಾಡುತ್ತಿದ್ದ ಕೆಲಸವನ್ನು ಯಾರೋ ಪುಣ್ಯಾತ್ಮರು ಬರೆದು ಪುಕ್ಕಟೆಯಾಗಿ ಹಂಚಿದ ಸಾಲುಗಳು ಮಾಡುತ್ತವೆ. ಸಾಫ್ಟ್‌ವೇರ್ ಡಿಫೈನ್ಡ್ ರೇಡಿಯೊ ಎಂದು ಇದರ ಪೂರ್ತಿ ಹೆಸರು. ಬಲ್ಲವರು ಎಸ್‌ಡಿಆರ್ ಎನ್ನುತ್ತಾರೆ.

ಈ ಡಾಂಗಲ್ಲಿನ ಜನ್ಮವೃತ್ತಾಂತ ನನಗೆ ಬಹಳ ಇಷ್ಟ. ಇದನ್ನು ಮಾಡಿದ್ದು ಜನ ಲ್ಯಾಪ್‌ಟಾಪಿನಲ್ಲಿ ಟಿವಿ ನೋಡಲಿ ಎಂದು. ಒಳಗಿರುವುದು ತೈವಾನಿನ ರಿಯಲ್‌ಟೆಕ್ ಕಂಪನಿಯ ಆರ್‌ಟಿಎಲ್2832ಯು ಎಂಬ ಚಿಪ್ಪು. ಟಿವಿ ಜೊತೆಗೆ ಎಫ್‌ಎಂ ಕೂಡ ಕೇಳಿಸಬೇಕಿತ್ತು. ಅದಕ್ಕೆ ಬೇರೆ ವ್ಯವಸ್ಥೆ ಯಾಕೆಂದು, ಆಂಟೆನಾದಲ್ಲಿ ಬಂದದ್ದನ್ನು ಹಸಿಹಸಿಯಾಗಿ ಅಂಕಿಗಳಲ್ಲಿ ಕಂಪ್ಯೂಟರಿಗೆ ದಾಟಿಸಿ, ಉಳಿದದ್ದು ನಿನ್ನ ಹಣೆಬರಹ ಎಂದು ಚಿಪ್ಪು ಕೈತೊಳೆದುಕೊಳ್ಳುತ್ತಿತ್ತು. 2010ರಲ್ಲಿ ಎರಿಕ್ ಫ್ರೈ ಎಂಬಾತ ಈ ಅಂಕಿಗಳ ಸಂಚಾರವನ್ನು ಗಮನಿಸಿದ. 2012ರಲ್ಲಿ ಲಿನಕ್ಸಿಗೆ ಡ್ರೈವರ್ ಬರೆಯುತ್ತಿದ್ದ ಫಿನ್ಲೆಂಡಿನ ಆಂಟಿ ಪಾಲೊಸಾರಿ ಅದರ ಗುಟ್ಟು ರಟ್ಟು ಮಾಡಿದ. ಆಮೇಲೆ ಆಸ್ಮೊಕಾಮ್ ಎಂಬ ಗುಂಪಿನವರು ಪ್ರೋಗ್ರಾಮು ಬರೆದು ಲೋಕಕ್ಕೆಲ್ಲ ಬಿಟ್ಟುಕೊಟ್ಟರು. ಟಿವಿಗೆಂದು ಹುಟ್ಟಿದ್ದು ಸುಮಾರು 24ರಿಂದ 1766 ಮೆಗಾಹರ್ಟ್ಸ್‌ವರೆಗೆ ಸಿಕ್ಕಿದ್ದನ್ನೆಲ್ಲ ಕೇಳುವ ಕಿವಿಯಾಯಿತು. ನಮ್ಮ ದೂರದರ್ಶನ ಆಯ್ದುಕೊಂಡದ್ದು ಡಿವಿಬಿ-ಟಿ2 ಪದ್ಧತಿ. ಈ ಚಿಪ್ಪಿಗೆ ಗೊತ್ತಿರುವುದು ಅದರ ಹಿಂದಿನ ಡಿವಿಬಿ-ಟಿ ಮಾತ್ರ. ಅಂದರೆ ಯಾವ ಕೆಲಸಕ್ಕೆ ಮಾಡಿದ್ದರೋ ಆ ಕೆಲಸಕ್ಕೆ ಇದು ನಮ್ಮಲ್ಲಿ ಬಾರದು. ಇಷ್ಟು ಅಪ್ಪಟ ನಿಷ್ಪ್ರಯೋಜಕ ವಸ್ತುವನ್ನು ನಾನು ದುಡ್ಡು ಕೊಟ್ಟು ತರಿಸಿಕೊಂಡಿದ್ದೇನೆ ಎಂದು ಮನೆಯಲ್ಲಿ ಇನ್ನೂ ಬಿಡಿಸಿ ಹೇಳಿಲ್ಲ.

ಹಳೆಯ ರೇಡಿಯೊ ಅಂಗಡಿಯಿಂದ ಆರಿಸಿದ ಅಕ್ಕಿ ತಂದುಕೊಡುತ್ತಿತ್ತು. ಇದು ಕಣದ ರಾಶಿಯನ್ನೇ ತಂದು ಅಂಗಳದಲ್ಲಿ ಸುರಿಯುತ್ತದೆ, ಹೊಟ್ಟು, ಕಲ್ಲು, ದೂಳು ಸಮೇತ. ಸೆಕೆಂಡಿಗೆ 24 ಲಕ್ಷ ಸಲ ಒಂದೊಂದು ಜೊತೆ ಸಂಖ್ಯೆ, 0ಯಿಂದ 255ರ ಒಳಗಿನದು, ಲ್ಯಾಪ್‌ಟಾಪಿಗೆ ಬಂದು ಬೀಳುತ್ತದೆ. ಪ್ರೋಗ್ರಾಮು ಅದನ್ನು ಲೆಕ್ಕ ಹಾಕಿ, ಎರಡು ಮೆಗಾಹರ್ಟ್ಸ್ ಅಗಲದ ಆಕಾಶದಲ್ಲಿ ಈಗ ಯಾರು ಯಾರು ಮಾತಾಡುತ್ತಿದ್ದಾರೆಂದು ಚಿತ್ರ ಬಿಡಿಸುತ್ತದೆ. ಸ್ಟೇಷನ್ ಆರಿಸುವುದು ಆಮೇಲಿನ ಮಾತು. ಬೇಕಾದರೆ ಇಡೀ ರಾಶಿಯನ್ನೇ ಡಿಸ್ಕಿನಲ್ಲಿ ತುಂಬಿಟ್ಟು ನಾಳೆ ಟ್ಯೂನ್ ಮಾಡಬಹುದು. ನಿನ್ನೆ ಸಂಜೆಯ ಗಾಳಿಯಲ್ಲಿ ಇವತ್ತು ಬೆಳಿಗ್ಗೆ ಸ್ಟೇಷನ್ ಹುಡುಕುವ ಸುಖ ಎಂಥದ್ದೆಂದು ಅನುಭವಿಸಿದವರಿಗೇ ಗೊತ್ತು. ಗಂಟೆಗೆ ಹೆಚ್ಚುಕಡಿಮೆ 17 ಜಿಬಿ ಜಾಗ ತಿನ್ನುತ್ತದೆ ಎಂಬುದೊಂದೇ ತಾಪತ್ರಯ.

ಪ್ರೋಗ್ರಾಮುಗಳು ಬೇಕಾದಷ್ಟಿವೆ. ನನ್ನದು ಜಿಕ್ಯೂಆರ್‌ಎಕ್ಸ್, ಆಗಾಗ ಎಸ್‌ಡಿಆರ್ ಪ್ಲಸ್ ಪ್ಲಸ್. ಎರಡೂ ಮುಕ್ತ ತಂತ್ರಾಂಶ, ಅಂದರೆ ಒಳಗಿನ ಯಂತ್ರವನ್ನು ಬಿಚ್ಚಿ ನೋಡಬಹುದು, ಬಲ್ಲವರಾದರೆ ತಿದ್ದಬಹುದು. ಇವುಗಳಿಗೆಲ್ಲ ಹಿರಿಯಣ್ಣ ಜಿಎನ್‌ಯು ರೇಡಿಯೊ. 2001ರಲ್ಲಿ ಎರಿಕ್ ಬ್ಲಾಸಮ್ ಅದನ್ನು ಶುರುಮಾಡಿದಾಗ ಹಣ ಕೊಟ್ಟವನು ಜಾನ್ ಗಿಲ್ಮೋರ್. ಅದರಲ್ಲಿ ಪೆಟ್ಟಿಗೆಗಳನ್ನು ಗೆರೆಗಳಿಂದ ಜೋಡಿಸಿ ನಮ್ಮ ರೇಡಿಯೊವನ್ನು ನಾವೇ ಕಟ್ಟಿಕೊಳ್ಳಬಹುದು. ಕಲಿಯಬೇಕೆನ್ನುವವರಿಗೆ ಅದಕ್ಕಿಂತ ಒಳ್ಳೆಯ ಗುರುವಿಲ್ಲ. ಸುಮ್ಮನೆ ಸವಿಯಬೇಕೆನ್ನುವವರಿಗೆ ಅದಕ್ಕಿಂತ ದೊಡ್ಡ ತಲೆನೋವಿಲ್ಲ. ನಾನು ಎರಡನೆಯ ಪಂಗಡದವನು.

ಪರದೆಯ ಮೇಲರ್ಧದಲ್ಲಿ ಒಂದು ಗೆರೆ ಸದಾ ಕುಣಿಯುತ್ತಿರುತ್ತದೆ, ಕೆಳಗೆ ವಾಟರ್‌ಫಾಲ್. ಪ್ರತಿ ಕ್ಷಣದ ಸಿಗ್ನಲ್ಲುಗಳೂ ಒಂದೊಂದು ಬಣ್ಣದ ಸಾಲಾಗಿ ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಹೋಗುತ್ತವೆ. ನೀಲಿ ಎಂದರೆ ಗೊರಗೊರ, ಹಳದಿ ಎಂದರೆ ಯಾರೋ ಇದ್ದಾರೆ, ಕೆಂಪು ಎಂದರೆ ಪಕ್ಕದಲ್ಲೇ ಇದ್ದಾರೆ. ನಮ್ಮ ಮೈಸೂರು ಆಕಾಶವಾಣಿಯ 100.6ನ್ನು ಮೊದಲ ಸಲ ಹೀಗೆ ಕಣ್ಣಿನಿಂದ ಕೇಳಿದಾಗ ಕಿವಿಯ ಹೆಡ್‌ಫೋನು ತೆಗೆದಿಟ್ಟೆ. ನಾದಸ್ವರ ಬಂದರೆ ಪಟ್ಟೆ ಅಗಲಕ್ಕೆ ಹರಡಿಕೊಳ್ಳುತ್ತದೆ. ಉದ್ಘೋಷಕಿ ಮಾತಾಡುವಾಗ ಹಿಗ್ಗುತ್ತದೆ, ಕುಗ್ಗುತ್ತದೆ. ಎರಡು ವಾಕ್ಯದ ನಡುವೆ ಆಕೆ ಉಸಿರು ತೆಗೆದುಕೊಂಡರೆ ಅಷ್ಟಗಲದ ಪಟ್ಟೆ ಸೂಜಿಯಷ್ಟು ಸಣ್ಣ ಗೆರೆಯಾಗಿಬಿಡುತ್ತದೆ. ಸ್ಟೀರಿಯೊದಲ್ಲಿ ಬಿತ್ತರಿಸುವ ಕೇಂದ್ರವಾದರೆ ಇನ್ನೂ ಮಜಾ: ಬಿಡಿಸಿ ನೋಡಿದರೆ ನಾವು ಕೇಳುವ ದನಿಯ ಆಚೆಗೆ 19 ಕಿಲೋಹರ್ಟ್ಸ್‌ನಲ್ಲಿ ನಮ್ಮ ಕಿವಿಗೆ ನಿಲುಕದ ಸಣ್ಣ ಸಿಳ್ಳೆಯೊಂದು ಬಿಡದೆ ಊದುತ್ತಿರುತ್ತದೆ. ಎಡಗಿವಿಗೆ ಯಾವುದು, ಬಲಗಿವಿಗೆ ಯಾವುದು ಎಂದು ವಿಂಗಡಿಸಲು ರೇಡಿಯೊಗೆ ಅದೇ ಗುರುತು. 38ರ ಸುತ್ತ ಎಡಬಲಗಳ ವ್ಯತ್ಯಾಸ ಕೂತಿರುತ್ತದೆ. ಕೆಲವು ಕೇಂದ್ರಗಳು 57ರಲ್ಲಿ ತಮ್ಮ ಹೆಸರನ್ನು ಅಕ್ಷರಗಳಲ್ಲಿ ಕಳಿಸುತ್ತವೆ, ಸೆಕೆಂಡಿಗೆ 1187.5 ಬಿಟ್‌ನ ಆಮೆನಡಿಗೆಯಲ್ಲಿ. ಇಷ್ಟು ವರ್ಷ ಒಂದು ಹಾಡು ಕೇಳುತ್ತಿದ್ದೇನೆ ಎಂದುಕೊಂಡಿದ್ದಾಗ ಅದರ ಬೆನ್ನಿಗೆ ಇಷ್ಟೆಲ್ಲ ಗಂಟುಮೂಟೆ ಇತ್ತು!

ಇದೇ ಮೈಸೂರಿನಲ್ಲಿ 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವಾಟ್‌ನ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಕೇಂದ್ರ ನಡೆಸಿದರು. ಹಳೆಯ ಟ್ಯೂಬ್‌ಲೈಟ್ ಒಂದೇ 40 ವಾಟ್ ತಿನ್ನುತ್ತಿತ್ತು. ಅಷ್ಟು ಸಣ್ಣ ಸಿಗ್ನಲ್ಲನ್ನು ಆಗಿನ ಜನ ಕಿವಿಗೊಟ್ಟು ಕೇಳಲು ಸಾಧ್ಯವಾದದ್ದಕ್ಕೆ ಒಂದು ಕಾರಣ ನನಗೆ ಈಗ ಹೊಳೆಯುತ್ತಿದೆ: ಆಗಿನ ಮನೆಗಳಲ್ಲಿ ಇಷ್ಟು ಗಲಾಟೆ ಇರಲಿಲ್ಲ.

ರೇಡಿಯೊ ಗಲಾಟೆಯ ಮಾತು ಹೇಳುತ್ತಿದ್ದೇನೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಇನ್ವರ್ಟರು, ಟಿವಿ ಪೆಟ್ಟಿಗೆ, ವೈಫೈ ಡಬ್ಬಿ ಎಲ್ಲವೂ ಒಂದೊಂದು ಅನಧಿಕೃತ ಬಾನುಲಿ ಕೇಂದ್ರ. ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ ಜೋಡಿಸುವುದೇ ಇವುಗಳ ಕಸುಬು. ಕತ್ತರಿಸಿದಾಗಲೆಲ್ಲ ಒಂದಿಷ್ಟು ಚೂರು ಗಾಳಿಗೆ ಸಿಡಿಯುತ್ತದೆ. ವಾಟರ್‌ಫಾಲಿನಲ್ಲಿ ಅದು ಸಮ ಅಂತರದ ಬೇಲಿಗೂಟಗಳಾಗಿ ಕಾಣುತ್ತದೆ. ಯಾವ ಗೂಟ ಯಾರದೆಂದು ಪತ್ತೆ ಹಚ್ಚಲು ನಾನು ಒಂದೊಂದೇ ಸ್ವಿಚ್ ಆರಿಸುತ್ತಾ ಮನೆಯೆಲ್ಲ ಸುತ್ತುತ್ತೇನೆ. ಅಡುಗೆಮನೆಯ ಬಲ್ಬು ಆರಿಸಿದಾಗ ಸಿಗ್ನಲ್ ತಿಳಿಯಾಯಿತು, ಆದರೆ ಸಂಸಾರದ ಕಡೆ ಗದ್ದಲ ಎದ್ದಿತು. ಹಾಗಾಗಿ ನನ್ನ ಪ್ರಯೋಗಗಳಿಗೆ ಪ್ರಶಸ್ತ ಮುಹೂರ್ತ ಕರೆಂಟು ಹೋದ ಹೊತ್ತು. ಬೀದಿಗೆ ಬೀದಿಯೇ ಕತ್ತಲಾಗುತ್ತದೆ, ಲ್ಯಾಪ್‌ಟಾಪು ಬ್ಯಾಟರಿಯಲ್ಲಿ ಓಡುತ್ತಿರುತ್ತದೆ, ಪರದೆಯ ಗೂಟಗಳೆಲ್ಲ ಒಮ್ಮೆಲೇ ಬಿದ್ದುಹೋಗಿ ಅಲ್ಲಿಯವರೆಗೆ ಹೂತುಹೋಗಿದ್ದ ಸಣ್ಣಪುಟ್ಟ ಸಿಗ್ನಲ್ಲುಗಳು ತಲೆಯೆತ್ತುತ್ತವೆ. ಕರೆಂಟು ಬಂತೆಂದು ಬೀದಿಯ ಮಕ್ಕಳು ಹೋ ಎಂದು ಕೂಗುವಾಗ ಸಪ್ಪೆ ಮುಖ ಹಾಕುವ ಗೃಹಸ್ಥ ಈ ಬಡಾವಣೆಯಲ್ಲಿ ನಾನೊಬ್ಬನೇ.

ವಿಮಾನಗಳ ಖಯಾಲಿ ಬೇರೆಯದು. 1090 ಮೆಗಾಹರ್ಟ್ಸ್‌ನಲ್ಲಿ ವಿಮಾನಗಳು ತಾವು ಯಾರು, ಎಲ್ಲಿದ್ದೇವೆ, ಎಷ್ಟು ಎತ್ತರದಲ್ಲಿದ್ದೇವೆ ಎಂದು ಯಾರೂ ಕೇಳದಿದ್ದರೂ ಸಾರುತ್ತಾ ಹೋಗುತ್ತವೆ. ಒಂದೊಂದು ಸಾರುವಿಕೆಯೂ 112 ಬಿಟ್. ಮುನ್ಸೂಚನೆ ಸೇರಿ ಮುಗಿಯುವುದು 120 ಮೈಕ್ರೋಸೆಕೆಂಡಿನಲ್ಲಿ. ಇದನ್ನು ಹಿಡಿದು ಓದುವ ಡಂಪ್1090 ಎಂಬ ಪ್ರೋಗ್ರಾಮು ಬರೆದವನು ಇಟಲಿಯ ಸಾಲ್ವಟೋರೆ ಸಾನ್‌ಫಿಲಿಪ್ಪೊ, ರೆಡಿಸ್ ಎಂಬ ಡೇಟಾಬೇಸಿನ ಕರ್ತೃ. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರಿಗೆ ಆತನ ರೆಡಿಸ್ ಗೊತ್ತು. ವಿಮಾನದ ಹುಚ್ಚು ಗೊತ್ತಿರಲಿಕ್ಕಿಲ್ಲ. ಆಂಟೆನಾ ಎಂದರೆ ಸುಮಾರು 7 ಸೆಂಟಿಮೀಟರಿನ ತಂತಿ ಸಾಕು. ಎತ್ತರದಲ್ಲಿ ಹಾರುವ ವಿಮಾನವಾದರೆ ಕಣ್ಣೂರು ದಾಟಿ ಅರಬ್ಬಿ ಸಮುದ್ರದ ಮೇಲಿದ್ದರೂ ನಮ್ಮ ಮಹಡಿಗೆ ಅದರ ಸಮಾಚಾರ ಬರುತ್ತದೆ. ತಲೆಯ ಮೇಲೆ ಬೆಳ್ಳಿಚುಕ್ಕೆಯೊಂದು ಸರಿಯುತ್ತಿದ್ದರೆ ಈಗ ಅದು 36,000 ಅಡಿ ಎತ್ತರದಲ್ಲಿ, 470 ನಾಟ್ ವೇಗದಲ್ಲಿ, ಇಂಥ ಸಂಖ್ಯೆಯ ವಿಮಾನ ಎಂದು ಹೇಳಬಲ್ಲೆ. ಎಲ್ಲಿಂದ ಎಲ್ಲಿಗೆ ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದವರನ್ನು ನಾವು ಮೊದಲು ಕೇಳುವುದೇ ಅದನ್ನು, ಅಲ್ಲವೆ?

ಉಪಗ್ರಹಗಳ ವಿಷಯಕ್ಕೆ ಬಂದರೆ ಸ್ವಲ್ಪ ಬೇಸರ. ಅಮೆರಿಕದ ನೋವಾ-15, 18, 19 ಎಂಬ ಹವಾಮಾನ ಉಪಗ್ರಹಗಳು 137 ಮೆಗಾಹರ್ಟ್ಸ್‌ನಲ್ಲಿ ತಾವು ಕಂಡ ಭೂಮಿಯ ಚಿತ್ರವನ್ನು ಸೆಕೆಂಡಿಗೆ ಎರಡು ಸಾಲಿನಂತೆ ಕಳಿಸುತ್ತಿದ್ದವು. ಕೇಳಲು ಅದು ಟಿಕ್ ಟಾಕ್, ಟಿಕ್ ಟಾಕ್. ಆಂಟೆನಾ ನಾವೇ ಮಾಡಿಕೊಳ್ಳಬಹುದು: 53 ಸೆಂಟಿಮೀಟರಿನ ಎರಡು ಅಲ್ಯೂಮಿನಿಯಂ ಕಡ್ಡಿ, ನಡುವೆ 120 ಡಿಗ್ರಿ ಕೋನ. ಬಟ್ಟೆ ಒಣಹಾಕಲು ಇಷ್ಟು ಗಿಡ್ಡ ಕಡ್ಡಿ ಸಾಲದೆಂದು ಕೆಲಸದಾಕೆ ಹೇಳಿದ್ದಳು. ಉಪಗ್ರಹ ದಕ್ಷಿಣದಿಂದ ಬಂದರೆ ಮೊದಲು ಶ್ರೀಲಂಕಾ, ಆಮೇಲೆ ಮನ್ನಾರ್ ಕೊಲ್ಲಿ, ಆಮೇಲೆ ಮಳೆಗಾಲವಾದರೆ ಪಶ್ಚಿಮ ಘಟ್ಟ ಇರಬೇಕಾದಲ್ಲಿ ಬರೀ ಬಿಳಿ ಮೋಡದ ರಾಶಿ, ಒಂದೊಂದೇ ಸಾಲಾಗಿ ಪರದೆಗೆ ಇಳಿಯುತ್ತಿದ್ದವು. ಹತ್ತಿರ ಬರುವಾಗ ಸಿಗ್ನಲ್ಲಿನ ಕಂಪನಾಂಕ ಕೊಂಚ ಮೇಲೆ, ದೂರ ಸರಿಯುವಾಗ ಕೊಂಚ ಕೆಳಗೆ. ವಾಟರ್‌ಫಾಲಿನಲ್ಲಿ ಬಾಗಿದ ಗೆರೆ. ಕಾಲೇಜಿನಲ್ಲಿ ರೈಲಿನ ಸಿಳ್ಳೆಯ ಉದಾಹರಣೆ ಕೊಟ್ಟು ಬಾಯಿಪಾಠ ಮಾಡಿಸಿದ್ದ ಡಾಪ್ಲರ್ ಪರಿಣಾಮವನ್ನು ನಾನು ನಿಜವಾಗಿ ನಂಬಿದ್ದು ಆ ಗೆರೆ ನೋಡಿದ ಮೇಲೆ. 1998ರಲ್ಲಿ ಹಾರಿಸಿದ ನೋವಾ-15 ಸೇರಿ ಮೂರನ್ನೂ 2025ರಲ್ಲಿ ಸೇವೆಯಿಂದ ನಿವೃತ್ತಿಗೊಳಿಸಿದರು. ಈಗ ಉಳಿದಿರುವುದು ರಷ್ಯಾದ ಮೀಟಿಯರ್ ಉಪಗ್ರಹಗಳು. ಚಿತ್ರ ಇನ್ನೂ ಸ್ಪಷ್ಟ, ಸ್ಯಾಟ್‌ಡಂಪ್ ಎಂಬ ಮುಕ್ತ ಪ್ರೋಗ್ರಾಮು ಅದನ್ನು ಬಣ್ಣದಲ್ಲೇ ಬಿಡಿಸಿಕೊಡುತ್ತದೆ. ಆದರೆ ಎಲ್ಲ ಡಿಜಿಟಲ್ಲು. ಕಿವಿಗೆ ಬರೀ ಶ್‌ಶ್ ಎನ್ನುತ್ತದೆ. ಟಿಕ್ ಟಾಕ್ ಇಲ್ಲದ ಉಪಗ್ರಹಕ್ಕೆ ನನ್ನಲ್ಲಿ ಅರ್ಧ ಮರ್ಯಾದೆ.

ಗೊರಗೊರದೊಳಗೆ ಮಾತು ಅಡಗಿರುತ್ತದೆ ಎಂಬುದಕ್ಕೆ ಎಫ್‌ಟಿ8ಗಿಂತ ಒಳ್ಳೆಯ ಸಾಕ್ಷಿ ಬೇಡ. ಹ್ಯಾಮ್ ರೇಡಿಯೊದವರು, ಅಂದರೆ ಹವ್ಯಾಸಕ್ಕೆಂದು ರೇಡಿಯೊದಲ್ಲಿ ಪರಸ್ಪರ ಮಾತಾಡುವವರು, ಈಗ ಹೆಚ್ಚಾಗಿ ಬಳಸುವ ಈ ಪದ್ಧತಿ 2017ರಲ್ಲಿ ಬಂತು. ರೂಪಿಸಿದವರು ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕ್. ಈ ಜೋ ಟೇಲರ್ ಸಾಮಾನ್ಯ ಆಸಾಮಿಯಲ್ಲ. 1974ರಲ್ಲಿ ತಮ್ಮ ವಿದ್ಯಾರ್ಥಿ ಹಲ್ಸ್ ಜೊತೆ ಜೋಡಿ ಪಲ್ಸಾರ್ ಎಂಬ ನಕ್ಷತ್ರಜೋಡಿಯನ್ನು ಕಂಡುಹಿಡಿದು, 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ವಿಜ್ಞಾನಿ. ಆಮೇಲೆ ಹವ್ಯಾಸಿಗಳಿಗಾಗಿ ಪ್ರೋಗ್ರಾಮು ಬರೆಯುತ್ತಾ ಕೂತರು. ಹದಿನೈದು ಸೆಕೆಂಡಿಗೊಂದು ಸರದಿ, ಅಷ್ಟರಲ್ಲಿ ತನ್ನ ಗುರುತು, ಎದುರಿನವರ ಗುರುತು, ಊರಿನ ಚೌಕ, ಅಷ್ಟೇ. ಗದ್ದಲಕ್ಕಿಂತ ನೂರು ಪಾಲು ಕ್ಷೀಣವಾದ ಸಿಗ್ನಲ್ಲಿನಿಂದಲೂ ಪ್ರೋಗ್ರಾಮು ಅಕ್ಷರ ಹೆಕ್ಕಿ ತೆಗೆಯುತ್ತದೆ. ನನ್ನ ಕಿವಿಗೆ ಏನೂ ಇಲ್ಲದ ಜಾಗದಲ್ಲಿ ಜಪಾನಿನವನೊಬ್ಬ ಇಟಲಿಯವನಿಗೆ ನಮಸ್ಕಾರ ಹೇಳಿದ್ದು ಪರದೆಯಲ್ಲಿ ಮೂಡುತ್ತದೆ. ಊರಿನ ಚೌಕ ಎಂದೆನಲ್ಲ, ಹ್ಯಾಮ್‌ಗಳು ಭೂಮಿಯನ್ನು ಚೌಕಗಳಾಗಿ ಹಂಚಿಕೊಂಡಿದ್ದಾರೆ. ಮೈಸೂರಿನದು ಎಂಕೆ82. ಬೆಂಗಳೂರಿನದೂ ಎಂಕೆ82! ಎರಡು ಊರಿನವರ ನಡುವೆ ದೋಸೆಯಿಂದ ಹಿಡಿದು ಭಾಷೆಯವರೆಗೆ ನಡೆದುಬಂದಿರುವ ತಕರಾರು ಆ ನಕ್ಷೆಯಲ್ಲಿ ಹೀಗೆ ಸದ್ದಿಲ್ಲದೆ ಇತ್ಯರ್ಥವಾಗಿದೆ.

ಇನ್ನು ಗೊರಗೊರವನ್ನೇ ನಂಬಿ ಹೆಸರಾದವನ ಕತೆ. 1930ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಾರ್ಲ್ ಜಾನ್‌ಸ್ಕಿ ಎಂಬ ಯುವಕನಿಗೆ ಒಪ್ಪಿಸಿದ್ದ ಕೆಲಸ, ಸಾಗರದಾಚೆಯ ರೇಡಿಯೊ ಟೆಲಿಫೋನಿಗೆ ಅಡ್ಡಿಮಾಡುವ ಸದ್ದು ಎಲ್ಲಿಂದ ಬರುತ್ತದೆಂದು ಪತ್ತೆ ಮಾಡುವುದು. 20.5 ಮೆಗಾಹರ್ಟ್ಸ್‌ಗೆ ತಿರುಗುವ ಆಂಟೆನಾ ಕಟ್ಟಿ ಕೂತ. ಹತ್ತಿರದ ಗುಡುಗು, ದೂರದ ಗುಡುಗು ಎರಡಕ್ಕೂ ಲೆಕ್ಕ ಸಿಕ್ಕಿತು. ಮೂರನೆಯದೊಂದು ಸಣ್ಣ ಸುಯ್ ಸದ್ದು ಉಳಿಯಿತು. ಅದು ದಿನಕ್ಕೊಮ್ಮೆ ಏರಿ ಇಳಿಯುತ್ತಿತ್ತು, ಆದರೆ 24 ಗಂಟೆಗಲ್ಲ, 23 ಗಂಟೆ 56 ನಿಮಿಷಕ್ಕೆ. ಅದು ನಕ್ಷತ್ರಗಳ ದಿನ. ಸದ್ದು ಬರುತ್ತಿದ್ದದ್ದು ಆಕಾಶಗಂಗೆಯಿಂದ. ಬೇರೆ ಯಾರಾದರೂ ಆಗಿದ್ದರೆ ನಾಲ್ಕು ನಿಮಿಷದ ವ್ಯತ್ಯಾಸವನ್ನು ಗಡಿಯಾರದ ತಲೆಗೆ ಕಟ್ಟಿ ಸಂಬಳ ಎಣಿಸುತ್ತಿದ್ದರು. ರೇಡಿಯೊ ಖಗೋಳಶಾಸ್ತ್ರ ಹುಟ್ಟಿದ್ದು ಹೀಗೆ.

ಅದೇ ಸದ್ದಿಗೆ ಕಿವಿಗೊಡಲು ನಮ್ಮ ಗೌರಿಬಿದನೂರಿನ ಬಳಿ 1970ರ ದಶಕದಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ಡೈಪೋಲ್ ಎಂಬ ಒಂದು ಸಾವಿರ ಆಂಟೆನಾಗಳನ್ನು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ನೆಟ್ಟವು. ಉದ್ದದ ಸಾಲು 1.4 ಕಿಲೋಮೀಟರ್, ಆಲಿಸಿದ್ದು 34.5 ಮೆಗಾಹರ್ಟ್ಸ್‌ನಲ್ಲಿ. ದುರ್ಬೀನು ಎಂದರೆ ಗುಮ್ಮಟ, ಗಾಜು ಎಂದು ತಿಳಿದವರಿಗೆ ಹೊಲದ ನಡುವಿನ ಆ ಕಂಬ ತಂತಿಗಳ ಬಯಲು ದುರ್ಬೀನು ಅನ್ನಿಸುವುದೇ ಕಷ್ಟ. ಅಲ್ಲಿಗೂ ನನ್ನ ಡಾಂಗಲ್ಲಿಗೂ ಎತ್ತಣಿಂದೆತ್ತ ಸಂಬಂಧ ಎಂದು ನೀವು ಕೇಳಬಹುದು. ಜಲಜನಕದ ಪರಮಾಣು ಸೂಸುವ 1420.4 ಮೆಗಾಹರ್ಟ್ಸ್ ಗೆರೆಯನ್ನು 1951ರಲ್ಲಿ ಮೊದಲು ಹಿಡಿದವರು ಹಾರ್ವರ್ಡಿನ ಈವನ್ ಮತ್ತು ಪರ್ಸೆಲ್. ಇವತ್ತು ಒಂದು ಜಾಲರಿ ಡಿಷ್, ಒಂದು ಫಿಲ್ಟರು, ಒಂದು ಆಂಪ್ಲಿಫೈಯರು ಸೇರಿಸಿದರೆ ಇದೇ ಹೆಬ್ಬೆರಳುದ್ದದ ಡಾಂಗಲ್ಲು ಅದನ್ನು ಹಿಡಿಯುತ್ತದೆ. ಹವ್ಯಾಸಿಗಳು ಹಿಡಿದಿದ್ದಾರೆ. ನಿಮಿಷಗಟ್ಟಲೆ ಗೊರಗೊರವನ್ನು ಕೂಡಿಸಿ ಸರಾಸರಿ ತೆಗೆದರೆ ನಡುವೆ ಒಂದು ಉಬ್ಬು ಏಳುತ್ತದೆ. ಅದೇ ಆಕಾಶಗಂಗೆಯ ತೋಳು. ನನ್ನ ಡಿಷ್ ಇನ್ನೂ ಮಹಡಿಯ ಮೆಟ್ಟಿಲಿನ ಕೆಳಗೆ ಗೋಡೆಗೊರಗಿ ನಿಂತಿದೆ. ಅದು ಯಾವ ಚಾನೆಲ್ಲಿಗೆ ಎಂದು ಕೇಳಿದವರಿಗೆ ಜಲಜನಕದ್ದು ಎಂದು ಹೇಳುವ ಧೈರ್ಯ ಬಂದಿಲ್ಲ.

ಮರ್ಯಾದೆಯ ಮಾತೂ ಒಂದಿದೆ. ಡಾಂಗಲ್ಲು ಕೇಳಬಲ್ಲದು, ಮಾತಾಡಲಾರದು. ಆ ಮಟ್ಟಿಗೆ ಅದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ ಪೊಲೀಸರದೋ ಪೈಲಟ್‌ಗಳದೋ ಇನ್ನೊಬ್ಬರದೋ ಸಂಭಾಷಣೆ ಸಿಕ್ಕಿತೆಂದು ಕಿವಿಯಿಟ್ಟು ಕೂರುವುದು ಕಾನೂನಿಗೂ ಸಲ್ಲದು, ಸಂಸ್ಕಾರಕ್ಕೂ ಸಲ್ಲದು. ಎಲ್ಲರಿಗೆಂದೇ ಬಿತ್ತರಿಸಿದ್ದು ಬೇಕಾದಷ್ಟಿದೆ. ಅಂತರಿಕ್ಷ ನಿಲ್ದಾಣದಿಂದಲೇ ಹ್ಯಾಮ್ ರೇಡಿಯೊ ಮಾತು 145.8 ಮೆಗಾಹರ್ಟ್ಸ್‌ನಲ್ಲಿ ಇಳಿದು ಬರುತ್ತದೆ. 2025ರ ಜುಲೈಯಲ್ಲಿ ಅಲ್ಲಿದ್ದ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ವಿದ್ಯಾರ್ಥಿಗಳೊಂದಿಗೆ ಹ್ಯಾಮ್ ರೇಡಿಯೊದಲ್ಲೇ ಮಾತಾಡಿದರು. ತಿರುಗಿ ಮಾತಾಡುವ ಆಸೆ ಹುಟ್ಟಿದರೆ ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಬೇಕು. ಆಗ ವಿಯು2, ವಿಯು3 ಎಂದು ಶುರುವಾಗುವ ಗುರುತು ಸಿಗುತ್ತದೆ. ಬರೀ ಬಾನುಲಿ ಕೇಳಲಿಕ್ಕೂ ಪೋಸ್ಟಾಫೀಸಿನಲ್ಲಿ ವರ್ಷವರ್ಷ ದುಡ್ಡು ಕಟ್ಟಿ ಲೈಸೆನ್ಸ್ ಪುಸ್ತಕಕ್ಕೆ ಸ್ಟಾಂಪು ಅಂಟಿಸಿಕೊಳ್ಳುತ್ತಿದ್ದ ನಮ್ಮ ಹಿರಿಯರು ಇದನ್ನು ದೊಡ್ಡ ಕಷ್ಟವೆಂದು ತಿಳಿಯುತ್ತಿರಲಿಲ್ಲ.

ಇಷ್ಟು ಓದಿ ನಿಮಗೂ ಕೈ ಕಡಿಯುತ್ತಿದ್ದರೆ ಮೊದಲೇ ಏನನ್ನೂ ಕೊಳ್ಳಬೇಡಿ. ಹಾಲೆಂಡಿನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿ ಪೀಟರ್-ಟ್ಯರ್ಕ್ ಡಿ ಬೂರ್ ಎಂಬವರು ಇಂಥದೇ ಒಂದು ರೇಡಿಯೊವನ್ನು ಅಂತರ್ಜಾಲಕ್ಕೆ ಜೋಡಿಸಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಏಕಕಾಲಕ್ಕೆ ನೂರಾರು ಜನ ತಮ್ಮ ತಮ್ಮ ಇಷ್ಟದ ಕಡೆ ಮುಳ್ಳು ತಿರುಗಿಸಬಹುದು, ಯಾರೂ ಯಾರ ಕೈಯನ್ನೂ ತಡೆಯುವುದಿಲ್ಲ. ಟ್ವೆಂಟೆ ವೆಬ್‌ಎಸ್‌ಡಿಆರ್ ಎಂದು ಹುಡುಕಿದರೆ ಫೋನಿನಲ್ಲೇ ಸಿಗುತ್ತದೆ. ಅಲ್ಲಿ ರಾತ್ರಿಯಾಗಿರುವಾಗ 4625 ಕಿಲೋಹರ್ಟ್ಸ್‌ಗೆ ಹೋಗಿ. ಯಾರಿಗಾಗಿಯೋ ಬಿಡದೆ ಬುರ್ ಬುರ್ ಎನ್ನುವ ರಷ್ಯಾದ ಕೇಂದ್ರವೊಂದು ಕೇಳಬಹುದು. ಒಂದು ವಾರ ಅಲ್ಲಿ ಅಲೆದಾಡಿ. ಬೇಸರವಾಗದಿದ್ದರೆ ಡಾಂಗಲ್ ತರಿಸಿ. ಆಂಟೆನಾವನ್ನು ಮಹಡಿಯ ಮೇಲೆ, ಬಲ್ಬುಗಳಿಂದ ದೂರ ಇಡಿ, ಗುಡುಗು ಮಿಂಚಿನ ದಿನ ಕೇಬಲ್ ಕಿತ್ತಿಡಿ.